ಕಾಲುವೆಯಾಚೆಯ ಹದಿನೆಂಟು ಎಕರೆ

12 ಜನವರಿ 1984

ಪ್ರೀತಿಯ ಗುಮ್ಮ,

ಹನ್ನೊಂದು ಸಾವಿರ ಮತಗಳ ಅಂತರ ಎಂದು ಪತ್ರಿಕೆಯಲ್ಲಿ ಓದಿದೆ. ಎರಡು ಸಲ ಓದಿದೆ. ಆಮೇಲೆ ಐದನೇ ತರಗತಿಯವರಿಗೆ ಅದನ್ನೇ ಕಳೆಯುವ ಲೆಕ್ಕವಾಗಿ ಕೊಟ್ಟೆ. ನಾಲ್ವರು ನಿನ್ನನ್ನು ಸೋಲಿಸಿದರು.

ನಿನ್ನನ್ನು ಇನ್ನು ಗುಮ್ಮ ಎನ್ನಬಾರದಂತೆ. ನಿನ್ನ ಪಕ್ಷದ ಕಾರ್ಯದರ್ಶಿ ಶಾಲೆಗೇ ಬಂದು, ‘ಮೇಡಂ, ಇನ್ಮೇಲೆ ಶಾಸಕರು ಅನ್ನಿ, ಇಲ್ಲಾ ಮೇಜರ್ ಸಾಹೇಬ್ರು ಅನ್ನಿ. ಗುಮ್ಮ ಗಿಮ್ಮ ಬೇಡ’ ಎಂದು ಹೇಳಿ ಹೋದ. ಐದು ವರ್ಷ ತುಂಬುವ ತನಕ ಬಾಯಿಬಿಡದೆ ಮೂಲೆ ಹಿಡಿದು ಕೂತಿರುತ್ತಿದ್ದ ತಮ್ಮನಿಗೆ ಆ ಹೆಸರಿಟ್ಟವಳು ನಾನು, ವಾಪಸ್ ಪಡೆಯುವ ಹಕ್ಕು ನಿಮ್ಮ ಪಕ್ಷಕ್ಕಿಲ್ಲ ಎಂದೆ.

ಈಗ ನನ್ನ ಬೇಡಿಕೆ. ಶಾಲೆಯಲ್ಲಿ ನೂರ ನಲವತ್ತೆರಡು ಮಕ್ಕಳು, ಎರಡು ಕೋಣೆ. ಹಿಂದೆ ಉಪ್ಪಿನ ಗೋದಾಮಾಗಿದ್ದ ಕಟ್ಟಡ ಎಂಬುದು ನಿನಗೆ ಗೊತ್ತೇ ಇದೆ. ಗೋಡೆ ಇನ್ನೂ ಬೆವರುತ್ತದೆ. ಒರಗಿ ಕೂತ ಮಕ್ಕಳ ಅಂಗಿಯ ಬೆನ್ನಿನ ಮೇಲೆ ಬಿಳಿ ಪಟ್ಟೆ ಬೀಳುತ್ತದೆ. ಒಂದು ಕೋಣೆಯಲ್ಲಿ ಮೂರು ತರಗತಿ ಒಟ್ಟಿಗೆ ನಡೆಯುವುದರಿಂದ ಒಂದನೇ ತರಗತಿಯ ಮಗುವಿಗೆ ಅ ಆ ಇ ಈ ಕಲಿಯುವ ಮೊದಲೇ ಚಂದ್ರಗ್ರಹಣ ಗೊತ್ತಾಗಿದೆ.

ಕಾಲುವೆಯಾಚೆ ಹದಿನೆಂಟು ಎಕರೆ ಸುಮ್ಮನೆ ಬಿದ್ದಿದೆ. ಯುದ್ಧ ಮುಗಿದು ಹನ್ನೆರಡು ವರ್ಷವಾಯಿತು. ಅಲ್ಲಿನ ನೆಲಬಾಂಬುಗಳನ್ನು ತೆಗೆಸಿದವನು ನೀನು. ನಿನಗೆ ಪದಕ ಬಂದದ್ದು ಅದಕ್ಕೆ, ಈ ಊರು ನಿನಗೆ ಓಟು ಹಾಕಿದ್ದೂ ಅದಕ್ಕೇ. ಆದರೂ ಸುತ್ತ ತುಕ್ಕು ತಂತಿ ಹಾಗೇ ಇದೆ, ಜಮೀನು ಸರ್ಕಾರದ ಹೆಸರಲ್ಲೇ ಇದೆ. ಅದರಲ್ಲಿ ಎರಡು ಎಕರೆ ಶಾಲೆಗೆ ಕೊಡಿಸು. ಅಕ್ಕನಾಗಿ ಕೇಳುತ್ತಿಲ್ಲ, ಮತದಾರಳಾಗಿ ಕೇಳುತ್ತಿದ್ದೇನೆ.

ನಿನ್ನ ಅಕ್ಕ


29 ಜನವರಿ 1984

ಅಕ್ಕಾ,

ಶಾಸಕರ ಭವನದಲ್ಲಿ ಕೋಣೆ ಕೊಟ್ಟಿದ್ದಾರೆ. ಮೂರನೇ ಮಹಡಿ, ಕಿಟಕಿ ತೆರೆದರೆ ನೀರಿನ ಟ್ಯಾಂಕು. ಲಿಫ್ಟಿನವನು ಸೈನ್ಯದಲ್ಲಿ ಇದ್ದವನು. ಬಾಗಿಲು ತೆಗೆಯುವಾಗಲೆಲ್ಲ ಸೆಲ್ಯೂಟ್ ಹೊಡೆಯುತ್ತಾನೆ, ನನ್ನ ಕೈಯೂ ತಾನಾಗಿ ಏಳುತ್ತದೆ. ಜೊತೆಯಲ್ಲಿದ್ದ ಶಾಸಕರೊಬ್ಬರು ‘ಏನ್ರೀ ಮೇಜರ್, ಲಿಫ್ಟಿಗೂ ಯುದ್ಧಕ್ಕೂ ವ್ಯತ್ಯಾಸ ಗೊತ್ತಾಗಲ್ವಾ?’ ಎಂದು ನಕ್ಕರು.

ಗೋದಾಮಿನ ಗೋಡೆಗೆ ಹೊಸ ಗಾರೆ ಮಾಡಿಸಲು ಎಂಜಿನಿಯರಿಗೆ ಹೇಳಿದ್ದೇನೆ. ಹಿಂಭಾಗದಲ್ಲಿ ಒಂದು ಶೆಡ್ಡೂ ಹಾಕಿಸುತ್ತೇನೆ.

ಕಾಲುವೆಯಾಚೆಯ ನೆಲ ಶಾಲೆಗೆ ಯೋಗ್ಯವಲ್ಲ. ತಗ್ಗು, ನೀರು ನಿಲ್ಲುತ್ತದೆ. ಊರಿನಿಂದ ದೂರ ಕೂಡ. ಹಿಟ್ಟಿನ ಗಿರಣಿಯ ಪಕ್ಕದ ಜಾಗ ಉತ್ತಮ. ಗಿರಣಿಯವರ ಹತ್ತಿರ ನಾನೇ ಮಾತನಾಡುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ಆ ತಂತಿಯೊಳಗೆ ದನ ಮೇಯಲು ಹೋಗುತ್ತವೆಯೇ? ಯಾರಾದರೂ ಸೌದೆಗೆಂದು ಹೋಗುತ್ತಾರೆಯೇ? ಸುಮ್ಮನೆ ಕೇಳಿದೆ.

ತಮ್ಮ


9 ಫೆಬ್ರವರಿ 1984

ಗುಮ್ಮ,

ನೀರು ನಿಲ್ಲುವುದಿಲ್ಲ. ಕಳೆದ ಭಾನುವಾರ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ನಾನೇ ಹೋಗಿ ನೋಡಿ ಬಂದೆ. ತಂತಿ ಬಿದ್ದ ಕಡೆಯಿಂದ ಒಳಗೆ ಗಾಡಿ ದಾರಿಯೊಂದಿದೆ. ಅಲ್ಲಿಂದ ಮಧ್ಯದ ದಿಬ್ಬದವರೆಗೆ ಟೇಪು ಹಿಡಿದೆವು. ಮೇಸ್ತ್ರಿ ಹಾರೆಯಿಂದ ಎರಡು ಕಡೆ ಅಗೆದು ನೋಡಿ, ‘ಮೇಡಂ, ಪಾಯಕ್ಕೆ ಬಂಗಾರದಂಥ ಮಣ್ಣು’ ಎಂದ. ಊರಿನಿಂದ ಹದಿನೈದು ನಿಮಿಷದ ನಡಿಗೆ. ನಿನ್ನ ಗಿರಣಿ ಪಕ್ಕದ ಜಾಗದಲ್ಲಿ ನಾನು ಕೂಗಿ ಪಾಠ ಹೇಳಬೇಕು, ಮಕ್ಕಳು ಹಿಟ್ಟು ಬಳಿದುಕೊಂಡು ಮನೆಗೆ ಹೋಗಬೇಕು.

ದನಗಳ ವಿಚಾರ ಕೇಳಿದ್ದೀಯ. ಅಂಚಿನಲ್ಲಿ ಒಂದೆರಡು ಮೇಯುತ್ತವೆ. ಒಳಗೆ ಮುಳ್ಳು ಹೆಚ್ಚು, ಜನ ಹೋಗುವುದಿಲ್ಲ. ಎರಡು ವರ್ಷದ ಹಿಂದೆ ಅಗಸರವನ ಕತ್ತೆಯೊಂದು ಒಳಗೆ ನುಗ್ಗಿ, ಸಿಡಿಲು ಬಡಿದು ಸತ್ತಿತ್ತಂತೆ. ಪಾಪ, ಪೂರ್ತಿ ಸಿಕ್ಕಲೇ ಇಲ್ಲ ಎಂದ. ನೀನು ಪಶುಸಂಗೋಪನೆಯ ಮಂತ್ರಿಯಾಗುವ ಅಂದಾಜಿನಲ್ಲಿದ್ದೀಯೇನು?

ಅಕ್ಕ


14 ಫೆಬ್ರವರಿ 1984

ಅಕ್ಕಾ,

ಇನ್ನೊಂದು ಸಲ ಅಳತೆಗೆ ಹೋಗಬೇಡ. ಮೇಸ್ತ್ರಿಗೂ ಹೇಳು. ನಾನು ಬರೆಯುವ ತನಕ ಯಾರೂ ಆ ತಂತಿ ದಾಟುವುದು ಬೇಡ. ಅಲ್ಲಿ ಹಾವು ವಿಪರೀತ.

ಕತ್ತೆಗೆ ಸಿಡಿಲು ಬಡಿದದ್ದು ಯಾವ ತಿಂಗಳು? ಆ ದಿನ ಮೋಡ ಇತ್ತೇ? ಎಷ್ಟು ಒಳಗೆ? ಕಾಲುವೆಯ ಮೋರಿಯಿಂದ ಅಂದಾಜು ಎಷ್ಟು ಹೆಜ್ಜೆ? ಅಗಸನನ್ನು ನೀನಾಗಿ ಕೇಳು, ನಾನು ಕೇಳಿದೆ ಎನ್ನಬೇಡ.

ಇದನ್ನು ಫೋನಿನಲ್ಲಿ ಮಾತನಾಡೋಣ ಎಂದು ಮೊನ್ನೆ ಅಂಚೆ ಕಚೇರಿಗೆ ಟ್ರಂಕ್ ಕಾಲ್ ಹಾಕಿದ್ದೆ. ಪೋಸ್ಟ್‌ಮಾಸ್ಟರು ‘ಮೇಡಂನ ಕರೆಸ್ತೀನಿ ಸಾರ್, ಏನು ವಿಷಯ?’ ಎಂದರು. ಅವರ ಹಿಂದೆ ಹತ್ತು ಜನ ಮಾತನಾಡುವುದು ಕೇಳಿಸುತ್ತಿತ್ತು. ಏನಿಲ್ಲ ಎಂದು ಇಟ್ಟುಬಿಟ್ಟೆ.

ತಮ್ಮ


3 ಮಾರ್ಚ್ 1984

ಗುಮ್ಮ,

ಹಾವು! ಹದಿನಾಲ್ಕು ವರ್ಷ ಸೈನ್ಯದಲ್ಲಿದ್ದು ನಿನಗೆ ಸಿಕ್ಕ ನೆಪ ಇಷ್ಟೇನಾ? ನಮ್ಮ ಗೋದಾಮಿನಲ್ಲೇ ವರ್ಷಕ್ಕೆ ಮೂರು ಹಾವು ಬರುತ್ತವೆ. ಹಾಜರಿ ಹಾಕುವುದೊಂದು ಬಾಕಿ.

ಕತ್ತೆಯ ವಿಚಾರ ಅಗಸನನ್ನು ಕೇಳಲಿಲ್ಲ. ಸತ್ತ ಕತ್ತೆಯ ಮೇಲೆ ನಿನಗಿರುವ ಕಾಳಜಿಯಲ್ಲಿ ಕಾಲು ಪಾಲು ಈ ಮಕ್ಕಳ ಮೇಲಿದ್ದರೆ ಸಾಕಿತ್ತು.

ಊರಿನಲ್ಲಿ ಒಂದು ಮಾತು ಓಡಾಡುತ್ತಿದೆ. ಆ ಹದಿನೆಂಟು ಎಕರೆ ಇಟ್ಟಿಗೆ ಗೂಡಿನ ಮಾಲೀಕನಿಗೆ ಹೋಗುತ್ತದೆ ಎಂದು. ಚುನಾವಣೆಯಲ್ಲಿ ನಿನಗೆ ಎರಡು ಜೀಪು ಕೊಟ್ಟವನು ಅವನೇ ಅಲ್ಲವೇ? ನಾನು ನಂಬಲಿಲ್ಲ. ನಂಬಲಿಲ್ಲ ಎಂದು ಬರೆಯಬೇಕಾಗಿ ಬಂತಲ್ಲ ಎಂಬುದಷ್ಟೇ ಬೇಸರ.

ನೀನು ಓಡಾಡುವುದು ಬೇಡ ಎಂದು ನಾನೇ ಓಡಾಡಿದೆ. ಜಿಲ್ಲಾಧಿಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ನಿನ್ನ ಪ್ರಮಾಣಪತ್ರದ ನಕಲು ಸಿಕ್ಕಿತು. ‘ಹದಿನೆಂಟು ಎಕರೆಯನ್ನೂ ಶೋಧಿಸಲಾಗಿದೆ. ಹೂಳಿದ ನೆಲಬಾಂಬುಗಳೆಲ್ಲವನ್ನೂ ತೆಗೆಯಲಾಗಿದೆ. ಜನರ ಬಳಕೆಗೆ ಸುರಕ್ಷಿತ.’ ಕೆಳಗೆ ನಿನ್ನ ಸಹಿ. ನಾನು ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸಿದ ಅಕ್ಷರ, ಒಂದೂ ಗೆರೆ ಬಿಟ್ಟು ಹೋಗಿಲ್ಲ. ಗುಮಾಸ್ತ ಅದನ್ನು ನೋಡಿ, ‘ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ಇನ್ನೇನು ಬೇಕು ಮೇಡಂ’ ಎಂದ. ಎರಡು ಎಕರೆಗೆ ಮಂಜೂರಾತಿ ಇದೇ ತಿಂಗಳು ಬರುತ್ತದಂತೆ.

ನೋಡು, ನೀನು ಮಾಡದ ಕೆಲಸವನ್ನು ನಿನ್ನ ಸಹಿ ಮಾಡಿತು.

ಅಕ್ಕ


20 ಮಾರ್ಚ್ 1984
ಉಪಸಚಿವರ ಕಚೇರಿ

ಮುಖ್ಯೋಪಾಧ್ಯಾಯಿನಿಯವರಿಗೆ,

ಕಾಲುವೆಯಾಚೆಯ ಸರ್ಕಾರಿ ಜಮೀನಿನಲ್ಲಿ ಎರಡು ಎಕರೆಯನ್ನು ಶಾಲೆಗೆ ನೀಡುವ ಪ್ರಸ್ತಾವನೆಗೆ ಸಂಬಂಧಿಸಿದಂತೆ, ಸದರಿ ಜಮೀನು ಸೈನ್ಯದ ಉಗ್ರಾಣಕ್ಕೆ ಅಗತ್ಯವಿರುವ ಕಾರಣ ಮಂಜೂರಾತಿಯನ್ನು ತಡೆಹಿಡಿಯಲಾಗಿದೆ ಎಂದು ತಿಳಿಸಲು ನಿರ್ದೇಶಿತನಾಗಿದ್ದೇನೆ. ಮುಂದಿನ ಆದೇಶದವರೆಗೆ ಜಮೀನಿನೊಳಗೆ ಪ್ರವೇಶ ನಿಷಿದ್ಧ.

ಆಪ್ತ ಕಾರ್ಯದರ್ಶಿ

(ಕೆಳಗೆ ಪೆನ್ಸಿಲಿನಲ್ಲಿ) ಅಕ್ಕಾ, ಮೊನ್ನೆ ಉಪಸಚಿವನಾಗಿ ಪ್ರಮಾಣವಚನ ಆಯಿತು. ನಿನ್ನನ್ನು ಕರೆಯಲಿಲ್ಲ. ಎದುರಿಗೆ ನೀನು ಕೂತಿದ್ದರೆ ಆ ಮಾತುಗಳನ್ನು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಕಾರಣ ಕೇಳಬೇಡ.


9 ಏಪ್ರಿಲ್ 1984

ಮಾನ್ಯ ಉಪಸಚಿವರೇ,

ಇನ್ನು ಮೇಲೆ ಹಾಗೇ ಕರೆಯುತ್ತೇನೆ. ನಿಮ್ಮ ಪಕ್ಷದ ಕಾರ್ಯದರ್ಶಿಯ ಆಸೆ ಈಡೇರಿತು.

ಮೂರು ವಾರ ಬರೆಯಲಿಲ್ಲ, ಯಾಕೆಂದರೆ ಉತ್ತರಕ್ಕೆ ಕಾಯುತ್ತಿದ್ದೆ. ನಿಮ್ಮದಲ್ಲ, ಸೈನ್ಯದ್ದು. ಉಗ್ರಾಣದ ವಿಚಾರ ಕೇಳಿ ನಾನೇ ಅವರಿಗೆ ಬರೆದಿದ್ದೆ. ನಿನ್ನೆ ಮೊನ್ನೆ ಮೀಸೆ ಬಂದಿರಬಹುದಾದ ಕ್ಯಾಪ್ಟನ್ ಒಬ್ಬ ಮರ್ಯಾದೆಯಿಂದ ಉತ್ತರ ಬರೆದಿದ್ದಾನೆ. ‘ಅಂಥ ಯಾವ ಯೋಜನೆಯೂ ನಮ್ಮಲ್ಲಿಲ್ಲ’ ಅಂತೆ. ಹಾಗಾದರೆ ಸುಳ್ಳು ಹೇಳಿದವರು ಯಾರು?

ಐದು ವರ್ಷ ಮಾತಾಡದಿದ್ದ ಮಗು ಒಮ್ಮೆ ಬಾಯಿಬಿಟ್ಟ ಮೇಲೆ ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪನ ಕನ್ನಡಕ ಒಡೆದಾಗಲೂ ನೀನೇ ಬಂದು ಹೇಳಿ ಏಟು ತಿಂದೆ. ಎರಡು ಜೀಪಿಗೆ ನೀನು ಇಷ್ಟು ಅಗ್ಗವಾಗುತ್ತೀಯೆಂದು ಗೊತ್ತಿರಲಿಲ್ಲ.

ತಂದೆತಾಯಂದಿರ ಸಭೆ ಕರೆದೆ. ಮೊದಲು ಯಾರೂ ಒಪ್ಪಲಿಲ್ಲ. ದರ್ಜಿಯ ಹೆಂಡತಿ, ‘ಹೊಳೇಲಿ ಇದ್ಕೊಂಡು ಮೊಸಳೆ ಎದುರು ಹಾಕ್ಕೊಳ್ಳೋದಾ ಮೇಡಂ?’ ಎಂದಳು. ಆ ಮೊಸಳೆ ನನ್ನ ಬೆನ್ನ ಮೇಲೆ ಆಡಿ ಬೆಳೆದದ್ದು, ನಾನು ನೋಡಿಕೊಳ್ಳುತ್ತೇನೆ ಎಂದೆ. ಬರುವ ಸೋಮವಾರ, ಹದಿನಾರನೇ ತಾರೀಕು ಬೆಳಿಗ್ಗೆ ಎಂಟೂವರೆಗೆ ಇಡೀ ಶಾಲೆ ಕಾಲುವೆ ದಾಟಿ ಆ ನೆಲದಲ್ಲಿ ಕೂರುತ್ತದೆ. ದಿಬ್ಬದ ಮೇಲೆ ಕಂಬ ನೆಟ್ಟು ಬಟ್ಟೆ ಕಟ್ಟುತ್ತೇವೆ, ಪಾಠ ಮಾಡುತ್ತೇವೆ. ಪತ್ರಿಕೆಯವರಿಗೂ ಹೇಳಿದ್ದೇನೆ. ನಿಮ್ಮ ಪೊಲೀಸರು ಬರಲಿ. ನಿಮ್ಮ ಸಹಿಯ ನಕಲನ್ನೇ ಅವರಿಗೆ ತೋರಿಸುತ್ತೇನೆ.

ಮುಖ್ಯೋಪಾಧ್ಯಾಯಿನಿ


ತಂತಿ ಸಂದೇಶ
16 ಏಪ್ರಿಲ್ 1984, ಬೆಳಿಗ್ಗೆ 8.50

ಮಕ್ಕಳನ್ನು ನೆಲಕ್ಕೆ ಇಳಿಸಬೇಡ. ಎಂಟು ನೆಲಬಾಂಬು ಇವೆ. ನನ್ನ ಪ್ರಮಾಣಪತ್ರ ಸುಳ್ಳು. ಇಳಿದಿದ್ದರೆ ಓಡಬೇಡಿ. ಬಂದ ಹೆಜ್ಜೆಯಲ್ಲೇ ವಾಪಸ್. ತಮ್ಮ.


16 ಏಪ್ರಿಲ್ 1984
ಮಧ್ಯಾಹ್ನ ಹನ್ನೆರಡೂವರೆ

ಅಕ್ಕಾ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಏನಾಗಿರುತ್ತದೋ ಗೊತ್ತಿಲ್ಲ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ನಾಲ್ಕು ದಿನ ಪ್ರವಾಸದಲ್ಲಿದ್ದೆ. ನಿನ್ನ ಕಾಗದ ಗುರುವಾರವೇ ಬಂದಿದೆ, ‘ವೈಯಕ್ತಿಕ’ ಎಂದು ಮೇಜಿನ ಮೇಲೆ ಇಟ್ಟಿದ್ದಾರೆ. ಇವತ್ತು ಎಂಟೂ ಕಾಲಿಗೆ ಒಡೆದೆ. ನಿಮ್ಮ ಪೊಲೀಸ್ ಠಾಣೆಗೂ ಅಂಚೆ ಕಚೇರಿಗೂ ಫೋನು ಹಾಕಿಸಿದೆ, ಮಾರ್ಗ ಕೆಟ್ಟಿದೆ ಎಂದರು. ಜಿಲ್ಲಾ ಕೇಂದ್ರಕ್ಕೆ ಸಿಕ್ಕಿತು, ಅಲ್ಲಿಂದ ಜೀಪು ಹೊರಟರೆ ನಿಮ್ಮಲ್ಲಿಗೆ ಮೂರು ಗಂಟೆ. ತಂತಿ ಕಚೇರಿಗೆ ನಾನೇ ಓಡಿದೆ. ಅಲ್ಲಿದ್ದ ಹುಡುಗಿ ಒಂದೊಂದೇ ಪದ ಎಣಿಸುತ್ತಾ ‘ಪ್ರಮಾಣಪತ್ರ ಸುಳ್ಳು’ ಎಂಬಲ್ಲಿ ನಿಂತು, ‘ಇದನ್ನೂ ಕಳಿಸ್ಲಾ ಸಾರ್?’ ಎಂದಳು. ಆ ಮಾತು ಬಿಟ್ಟರೆ ನೀನು ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ಎರಡೂವರೆ ತಿಂಗಳಿಂದ ನಿನಗೆ ನೀರು, ಹಾವು, ಉಗ್ರಾಣ ಎಂದೆಲ್ಲ ಬರೆದಿದ್ದೆನಲ್ಲ. ಕಳಿಸಿ ಎಂದೆ.

ಈಗ ಉಳಿದದ್ದನ್ನು ಹೇಳುತ್ತೇನೆ.

ನೆಲಬಾಂಬು ಹೂಳುವಾಗ ಪ್ರತಿಯೊಂದರ ಪಿನ್ನು ಕಿತ್ತು ಒಂದು ಚೀಲಕ್ಕೆ ಹಾಕಿಕೊಳ್ಳುತ್ತೇವೆ. ತೆಗೆಯುವಾಗ ಅದೇ ಪಿನ್ನನ್ನು ಅದಕ್ಕೆ ಮತ್ತೆ ಚುಚ್ಚಬೇಕು. ಕೆಲಸ ಮುಗಿಯಿತೇ ಎಂದು ನಕ್ಷೆ ನೋಡಿ ಹೇಳುವುದಿಲ್ಲ, ಚೀಲ ನೋಡಿ ಹೇಳುತ್ತೇವೆ. ಚೀಲ ಖಾಲಿಯಾದರೆ ನೆಲ ಖಾಲಿ.

ನಮ್ಮ ನಕ್ಷೆಯ ಅಳತೆಯೆಲ್ಲ ಕಾಲುವೆಯ ಮೋರಿಯಿಂದ ಹಿಡಿದದ್ದು. ಯುದ್ಧ ಮುಗಿದು ನಾವು ತೆಗೆಯಲು ಬರುವಷ್ಟರಲ್ಲಿ ಹೊಳೆ ಉಕ್ಕಿ ಒಂದು ಪ್ರವಾಹ ಬಂದುಹೋಗಿತ್ತು. ಹಳೆಯ ಮೋರಿ ಕೊಚ್ಚಿಹೋಗಿ, ಊರಿನವರು ಅಂಥದ್ದೇ ಮೋರಿಯನ್ನು ಏಳು ಹೆಜ್ಜೆ ಆಚೆಗೆ ಕಟ್ಟಿಕೊಂಡಿದ್ದರು. ಅದು ಹೊಸದು ಎಂದು ನಾನು ಯಾರನ್ನೂ ಕೇಳಲಿಲ್ಲ. ನಕ್ಷೆಯಲ್ಲಿ ಮೋರಿ ಇತ್ತು, ಕಣ್ಣೆದುರು ಮೋರಿ ಇತ್ತು. ಮೂರು ವಾರ ಹೊಟ್ಟೆಯ ಮೇಲೆ ತೆವಳಿ, ಕಬ್ಬಿಣದ ಕಡ್ಡಿಯಿಂದ ಗೇಣುಗೇಣೂ ಚುಚ್ಚಿ ತೆಗೆದೆವು. ಸಾಲುಗಳು ಓರೆಯಾಗಿದ್ದಾಗಲೂ ತಪ್ಪನ್ನು ಪ್ರವಾಹದ ಮೇಲೆ ಹಾಕಿದೆವು. ಅಳತೆ ಏಳು ಹೆಜ್ಜೆ ಸರಿದದ್ದರಿಂದ ಸಾಲುಗಳ ಒಂದು ತುದಿ ನಮ್ಮ ಕಡ್ಡಿಗೆ ಸಿಗದೆ ಉಳಿದಿತ್ತು. ಕೊನೆಯ ದಿನ ಚೀಲದಲ್ಲಿ ಒಂಬತ್ತು ಪಿನ್ನು ಉಳಿದವು.

ಮರುದಿನ ಜನರಲ್ ಬಂದು ನೆಲವನ್ನು ಊರಿಗೆ ಒಪ್ಪಿಸುವ ಸಮಾರಂಭ. ಹವಾಲ್ದಾರ ನನ್ನ ಮುಖ ನೋಡಿ, ‘ಸಾಬ್, ಹೊಳೆ ತಗೊಂಡು ಹೋಗಿರಬೇಕು’ ಎಂದ. ನನಗೆ ಬೇಕಿದ್ದ ಮಾತನ್ನೇ ಅವನು ಹೇಳಿದ. ಸಹಿ ಹಾಕಿದೆ. ಆಮೇಲೆ ಪದಕ ಬಂತು, ಪದಕದಿಂದ ಪಕ್ಷ, ಪಕ್ಷದಿಂದ ಓಟು. ತಂತಿ ಕೀಳದಂತೆ ಮಾತ್ರ ವರ್ಷವರ್ಷವೂ ನೋಡಿಕೊಂಡೆ. ಅಷ್ಟು ಸಾಕು ಎಂದುಕೊಂಡಿದ್ದೆ. ಕತ್ತೆಯ ವಿಷಯ ನೀನು ಬರೆದಾಗ ಒಂಬತ್ತು ಎಂಟಾಯಿತು, ಮತ್ತು ಹೊಳೆ ಏನನ್ನೂ ತಗೊಂಡು ಹೋಗಿಲ್ಲ ಎಂದು ಗೊತ್ತಾಯಿತು. ಸೈನ್ಯದ ಹಳೆಯ ಗೆಳೆಯನೊಬ್ಬನನ್ನು ಕರೆದು ಗುಟ್ಟಾಗಿ ತೆಗೆಸಲು ನೋಡಿದೆ. ಅವನು ‘ಕಾರಣ ಬರೆದುಕೊಡು’ ಎಂದ. ಬರೆದುಕೊಡಲಿಲ್ಲ.

ಅಕ್ಕಾ, ಹೊರಗೆ ಫೋನು ಬಡಿದಾಗಲೆಲ್ಲ ಪೆನ್ನು ನಿಲ್ಲುತ್ತಿದೆ. ಎದ್ದು ಹೋಗಲು ಆಗುತ್ತಿಲ್ಲ. ಯಾರಾದರೂ ಬಂದು ಹೇಳಲಿ ಎಂದೂ ಅನಿಸುತ್ತದೆ, ಯಾರೂ ಬರದಿರಲಿ ಎಂದೂ ಅನಿಸುತ್ತದೆ. ನೂರ ನಲವತ್ತೆರಡು ಎಂದು ನೀನು ಬರೆದಿದ್ದೆ.

ತಮ್ಮ


ತಂತಿ ಸಂದೇಶ
16 ಏಪ್ರಿಲ್ 1984, ಮಧ್ಯಾಹ್ನ 1.40

ಮಕ್ಕಳೆಲ್ಲ ಹೊರಗೆ. ಯಾರಿಗೂ ಗಾಯವಿಲ್ಲ. ಉತ್ತರ ಕೊಡಿ ಎಂದು ನಿಮ್ಮ ಅಕ್ಕನವರನ್ನು ಕೇಳಿದೆ. ಕೊಡಲಿಲ್ಲ. ಪೋಸ್ಟ್‌ಮಾಸ್ಟರ್.


2 ಮೇ 1984

ಅಕ್ಕಾ,

ಪೋಸ್ಟ್‌ಮಾಸ್ಟರ ತಂತಿ ಬಂದಾಗ ಮೂರೂವರೆ. ಅದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ ರಾಜೀನಾಮೆ ಕೊಟ್ಟೆ. ಮುಖ್ಯಮಂತ್ರಿಗಳು ಓದಿ, ‘ಇಷ್ಟು ಉದ್ದ ಯಾಕ್ರೀ? ಆರೋಗ್ಯದ ಕಾರಣ ಅಂತ ಒಂದು ಸಾಲು ಬರೀರಿ’ ಎಂದರು. ಪಕ್ಷದ ಕಾರ್ಯದರ್ಶಿಗೆ ಇನ್ನೂ ಅರ್ಥವಾಗಿಲ್ಲ. ‘ಎಂಟು ಅಂತ ಯಾಕೆ ಸಾರ್ ಬರೆದ್ರಿ? ಅನುಮಾನ ಇದೆ ಅಂದಿದ್ರೆ ಸಾಕಿತ್ತಲ್ಲ’ ಎನ್ನುತ್ತಾನೆ. ಅನುಮಾನ ಎಂದಿದ್ದರೆ ಅಕ್ಕ ಹೊರಗೆ ಬರುತ್ತಿರಲಿಲ್ಲ ಎಂದೆ.

ವಿಚಾರಣಾ ಸಮಿತಿಯ ಮುಂದೆ ಮೂರು ದಿನ ಹೇಳಿಕೆ ಕೊಟ್ಟೆ. ಹಳೆಯ ಮೋರಿ ಎಲ್ಲಿತ್ತು ಎಂದು ಗುರುತು ಹಾಕಿ ನಕ್ಷೆ ತಿದ್ದಿಕೊಟ್ಟಿದ್ದೇನೆ. ಶೋಧನಾ ದಳ ನಿಮ್ಮಲ್ಲಿಗೆ ಬಂದಿರಬೇಕು. ಪದಕ ವಾಪಸ್ ಕೇಳಿದ್ದಾರೆ, ಕಳಿಸಿದೆ. ಶಾಸಕ ಸ್ಥಾನವೂ ಇಲ್ಲ. ಕೋಣೆ ಖಾಲಿ ಮಾಡಿದ ದಿನ ಲಿಫ್ಟಿನವನು ಬಾಗಿಲು ತೆಗೆದು ಗೋಡೆ ನೋಡುತ್ತಾ ನಿಂತ. ಮೂರು ಮಹಡಿ ಹಾಗೇ ಇಳಿದೆವು.

ಆ ದಿನ ನೀವು ಹೇಗೆ ಹೊರಗೆ ಬಂದಿರಿ ಎಂದು ಪತ್ರಿಕೆಗಳು ಒಂದೊಂದು ರೀತಿ ಬರೆದಿವೆ. ನಾನು ಮಲಗಿದರೆ ಎಲ್ಲ ರೀತಿಯೂ ಕಾಣುತ್ತದೆ. ನೀನು ಬೈದು ಬರೆದರೂ ಸರಿ, ಒಂದು ಸಾಲು ಬರೆ.

ತಮ್ಮ


19 ಮೇ 1984

ಅಕ್ಕಾ,

ಮೊದಲಿನ ಕಾಗದ ಸೇರಿತೋ ಇಲ್ಲವೋ. ಬಾಡಿಗೆ ಮನೆಯ ವಿಳಾಸ ಲಕೋಟೆಯ ಮೇಲೆ ಬರೆದಿದ್ದೇನೆ. ದಳದವರಿಗೆ ಎಷ್ಟು ಸಿಕ್ಕವು ಎಂದು ಯಾರೂ ನನಗೆ ಹೇಳುವುದಿಲ್ಲ. ನೀನಾದರೂ ಹೇಳು.

ತಮ್ಮ


11 ಜೂನ್ 1984

ಗುಮ್ಮ,

ನಿನ್ನ ಮೂರೂ ಕಾಗದ ಬಂದಿವೆ. ಬರೆಯಬಾರದೆಂದು ಹಟ ಹಿಡಿದಿರಲಿಲ್ಲ. ಕೂತಾಗಲೆಲ್ಲ ಆ ದಿನದಿಂದಲೇ ಶುರು ಮಾಡಬೇಕಾಗುತ್ತಿತ್ತು, ಶುರು ಮಾಡಲು ಆಗುತ್ತಿರಲಿಲ್ಲ.

ನಾವು ಎಂಟೂವರೆಗೇ ಒಳಗೆ ಹೋಗಿದ್ದೆವು. ಗಾಡಿ ದಾರಿಯಲ್ಲಿ ಸಾಲಾಗಿ ಹೋದೆವು, ದಿಬ್ಬದ ಮೇಲೆ ತರಗತಿಗಳಾಗಿ ಕೂತೆವು. ಬಡಗಿ ನಾಲ್ಕು ಕಂಬ ನೆಟ್ಟ. ಸುತ್ತಿಗೆಯಿಂದ ಹೊಡೆದು ನೆಟ್ಟ ಗುಮ್ಮ, ಒಂದೊಂದಕ್ಕೆ ಇಪ್ಪತ್ತು ಏಟು. ಮಕ್ಕಳು ಗಟ್ಟಿಯಾಗಿ ಎಣಿಸುತ್ತಿದ್ದರು. ಪುಣ್ಯಕ್ಕೆ ಆಟದ ಬಿಡುವು ಹನ್ನೊಂದಕ್ಕೆ. ಅಲ್ಲಿಯ ತನಕ ಯಾರನ್ನೂ ಏಳಲು ಬಿಟ್ಟಿರಲಿಲ್ಲ, ಪತ್ರಿಕೆಯವರು ಬಂದಾಗ ಶಿಸ್ತು ಕಾಣಲಿ ಎಂದು.

ಹತ್ತು ಮುಕ್ಕಾಲಕ್ಕೆ ಪೋಸ್ಟ್‌ಮಾಸ್ಟರು ಸೈಕಲ್ಲಿನಲ್ಲಿ ಬಂದು ತಂತಿ ಬೇಲಿಯ ಹತ್ತಿರ ನಿಂತರು. ಕೂಗಿದರೆ ಮಕ್ಕಳು ಎದ್ದು ಓಡುತ್ತಾರೆ ಎಂದು ಆ ಮನುಷ್ಯನಿಗೆ ಹೊಳೆದಿದೆ ನೋಡು. ಎಂದಿನ ದನಿಯಲ್ಲಿ, ‘ಮೇಡಂ, ಒಂದು ಸಹಿ ಬೇಕಿತ್ತು’ ಎಂದರು. ನಾನು ನಡೆದುಕೊಂಡು ಬಂದೆ. ಕಾಗದ ಕೊಟ್ಟು, ‘ಓದಿ ಮೇಡಂ, ಕಿರುಚಬೇಡಿ’ ಎಂದರು. ಓದಿದೆ. ನಾನು ಹೊರಗಿದ್ದೆ. ಅವರೆಲ್ಲ ಒಳಗಿದ್ದರು.

ವಾಪಸ್ ಒಳಗೆ ಹೋಗುವ ಹೊತ್ತಿಗೆ, ಗಾಡಿ ದಾರಿ ಮುಗಿದಲ್ಲಿಂದ ಆಚೆಗೆ ನಾನು ಬಂದ ಹೆಜ್ಜೆ ಗುರುತು ಅರ್ಧ ಕಾಣುತ್ತಿರಲಿಲ್ಲ. ಹುಲ್ಲು ಎದ್ದು ನಿಂತುಬಿಟ್ಟಿತ್ತು. ಹೋದೆ. ಹೇಗೆ ಹೋದೆ ಎಂದು ಕೇಳಬೇಡ.

ಮಕ್ಕಳಿಗೆ ಹೊಸ ಆಟ ಎಂದೆ. ಎಲ್ಲರೂ ಕಲ್ಲಾಗಬೇಕು. ನಾನು ಮುಟ್ಟಿದವರು ಮಾತ್ರ ಏಳಬೇಕು, ಮುಂದಿನವರು ಕಾಲಿಟ್ಟಲ್ಲೇ ಕಾಲಿಡಬೇಕು. ಸಾಲಿನ ಮುಂದೆ ಬಡಗಿ, ಕೊನೆಯಲ್ಲಿ ನಾನು. ಒಂದನೇ ತರಗತಿಯ ಚೋಟುದ್ದದವಳೊಬ್ಬಳು, ‘ಮೇಡಂ, ಔಟಾದ್ರೆ ಏನಾಗುತ್ತೆ?’ ಎಂದು ಕೇಳಿದಳು. ಇವತ್ತು ಯಾರೂ ಔಟಾಗೋ ಹಾಗಿಲ್ಲ ಎಂದೆ. ಅಷ್ಟರಲ್ಲಿ ದೊಡ್ಡವರಿಗೆ ನನ್ನ ಮುಖ ನೋಡಿ ಗೊತ್ತಾಗಿತ್ತು. ಒಬ್ಬರೂ ಅಳಲಿಲ್ಲ. ಅತ್ತರೆ ನಾನು ಏನು ಮಾಡುತ್ತಿದ್ದೆನೋ. ಎರಡು ಗಂಟೆಗೂ ಹೆಚ್ಚು ಹಿಡಿಯಿತು.

ದಳದವರಿಗೆ ಆರು ಸಿಕ್ಕವು. ಒಂದು ಬಡಗಿಯ ಮೂರನೇ ಕಂಬದಿಂದ ಎರಡು ಗೇಣು ದೂರದಲ್ಲಿ. ಇನ್ನೊಂದು ಎರಡನೇ ತರಗತಿ ಕೂತಿದ್ದ ಜಮಖಾನೆಯ ಅಂಚಿನಲ್ಲಿ. ಉಳಿದೆರಡು ಸಿಗಲಿಲ್ಲ. ಸಿಗುತ್ತವೆಂದು ಅವರೂ ಹೇಳುವುದಿಲ್ಲ. ಹೊಸ ತಂತಿ ಎಳೆದು ಹೋಗಿದ್ದಾರೆ.

ನಿನ್ನನ್ನು ಬೈದು ಮುಗಿಸಲು ನನಗೆ ಇನ್ನೂ ವರ್ಷಗಳು ಬೇಕು. ಆದರೆ ನನ್ನದೂ ಒಂದಿದೆ. ಆ ದಿನ ಮಕ್ಕಳನ್ನು ಅಲ್ಲಿ ಕೂರಿಸಿದ್ದು ಪಾಠಕ್ಕಲ್ಲ, ನಿನ್ನನ್ನು ಸೋಲಿಸಲು. ನೀನು ಸತ್ತ ಕತ್ತೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದ್ದೆ. ಮಕ್ಕಳು ಯಾರಾದರೂ ಹಾಗೆ ವಿಚಿತ್ರವಾಗಿ ಕೇಳಿದರೆ, ಯಾಕೆ ಕೇಳುತ್ತಿದ್ದೀಯ ಎಂದು ನಾನು ಕೇಳದೆ ಬಿಡುತ್ತಿರಲಿಲ್ಲ. ನಿನ್ನನ್ನು ಕೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಶಾಲೆ ಹೋದ ವಾರ ತೆರೆಯಿತು. ಅದೇ ಉಪ್ಪಿನ ಗೋದಾಮು. ನೂರ ನಲವತ್ತೆರಡರಲ್ಲಿ ಬಂದವರು ಹನ್ನೊಂದು ಮಕ್ಕಳು. ಉಳಿದವರನ್ನು ಮನೆಯವರು ಕಳಿಸುತ್ತಿಲ್ಲ. ಶಾಲೆಯ ಅಂಗಳದಲ್ಲಿ ಏನಿದೆಯೋ ಯಾರಿಗೆ ಗೊತ್ತು ಎನ್ನುತ್ತಾರೆ. ಮನೆಮನೆಗೆ ಹೋದೆ. ಯುದ್ಧ ಕಾಲುವೆಯ ಈಚೆಗೆ ಬಂದೇ ಇಲ್ಲ, ಅಂಗಳದಲ್ಲಿ ಏನೂ ಇಲ್ಲ ಎಂದೆ. ದರ್ಜಿಯ ಹೆಂಡತಿ ಬಾಗಿಲಲ್ಲೇ ನಿಂತು, ‘ನಿಮ್ ತಮ್ಮನೂ ಹಂಗೇ ಬರೆದುಕೊಟ್ಟಿದ್ರಲ್ಲ ಮೇಡಂ’ ಎಂದಳು. ಕೋಪದಿಂದ ಹೇಳಲಿಲ್ಲ, ಮೆಲ್ಲಗೆ ಹೇಳಿದಳು. ಇಪ್ಪತ್ತಾರು ವರ್ಷ ಪಾಠ ಮಾಡಿದವಳು ಮುಂದಿನ ಮನೆಗೆ ಹೋಗದೆ ವಾಪಸ್ ಬಂದೆ.

ನೀನು ಬರಬೇಕು. ಭಾಷಣಕ್ಕಲ್ಲ. ಹೊಟ್ಟೆಯ ಮೇಲೆ ಮಲಗಿ ಈ ಅಂಗಳವನ್ನು ಗೇಟಿನಿಂದ ಹಿಂದಿನ ಗೋಡೆಯವರೆಗೆ ಗೇಣುಗೇಣೂ ಚುಚ್ಚಬೇಕು. ಊರಿನವರೆಲ್ಲ ರಸ್ತೆಯಲ್ಲಿ ನಿಂತು ನೋಡುತ್ತಾರೆ, ಬೈಯುತ್ತಾರೆ, ಕೆಲವರು ಉಗಿಯಲೂಬಹುದು. ಒಂದು ಗೇಣನ್ನೂ ಬಿಡಬೇಡ. ಬೇಗ ಮುಗಿಸಬೇಡ. ಮುಗಿದ ಮೇಲೆ ನೀನು ಅಲ್ಲಿ ಒಬ್ಬನೇ ನಡೆದಾಡಬೇಕು, ಅವರಿಗೆ ಸಾಕು ಅನಿಸುವ ತನಕ. ನಿನಗೆ ಈಗ ಐವತ್ತು, ಮಂಡಿ ನೋವಿದೆ ಎಂದು ಗೊತ್ತು. ಆದರೂ ಬಾ.

ಅಲ್ಲಿ ಏನೂ ಇಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಗೊತ್ತು ಎಂದು ಬರೆದೆ. ಆದರೆ ಇವತ್ತು ಬೆಳಿಗ್ಗೆ ಬೀಗ ತೆಗೆಯಲು ಗೇಟಿನೊಳಗೆ ಬಂದವಳು ಮಣ್ಣಿನ ಮೇಲೆ ಕಾಲಿಡಲಾರದೆ ಅಲ್ಲೇ ನಿಂತುಬಿಟ್ಟೆ. ದಿನಾ ದಾಟುವ ಅಂಗಳ, ಇಪ್ಪತ್ತು ಹೆಜ್ಜೆ. ಹನ್ನೊಂದು ಮಕ್ಕಳು ಗೇಟಿನಾಚೆ ನಿಂತು, ನಾನು ಎಲ್ಲಿ ಕಾಲಿಡುತ್ತೇನೆಂದು ನೋಡುತ್ತಿದ್ದರು.

ಬೇಗ ಬಾ.

ಅಕ್ಕ